ಅಟ್ಟದ ಮೇಲಿನ ಹತ್ತು ಸಾವಿರದ ಮುನ್ನೂರು ಕಾಯಿ

ನನಗೆ ಆಡಿಟರುಗಳನ್ನು ಕಂಡರೆ ಅಷ್ಟಕ್ಕಷ್ಟೆ. ತುಮಕೂರಿನ ಚಿಕ್ಕಪೇಟೆಯಲ್ಲಿ ಲಕ್ಷ್ಮೀಕಾಂತ್ ಅವರ ಆಡಿಟ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿರುವವನು ನಾನು, ಜಯಪ್ರಕಾಶ್. ಆದ್ದರಿಂದ ಹೇಳುವ ಹಕ್ಕಿದೆ. ಅವರು ಯಾವುದೋ ಕಂಪನಿಗೆ ಹೋಗುತ್ತಾರೆ, ಫ್ಯಾನಿನ ಕೆಳಗೆ ಕೂರುತ್ತಾರೆ, ಗೋಡಂಬಿ ಹಾಕಿದ ಉಪ್ಪಿಟ್ಟು ತಿನ್ನುತ್ತಾರೆ, ಹಸಿರು ಪೆನ್ನಿನಲ್ಲಿ ಟಿಕ್ ಹೊಡೆಯುತ್ತಾರೆ, ಸಂಜೆ ಬಸ್ಸಿಗೆ ವಾಪಸು ಬರುತ್ತಾರೆ. ಸುಶ್ಮಿತಾ ಬರುವವರೆಗೆ ಆಡಿಟ್ ಬಗ್ಗೆ ನನ್ನ ತಿಳುವಳಿಕೆ ಇಷ್ಟೇ ಇತ್ತು. ಈಗ ಆ ಹುಡುಗಿಯ ವಿಷಯ ಯಾರಾದರೂ ಎತ್ತಿದರೆ ಸಾಕು, ನನಗೆ ಮಾತು ನಿಲ್ಲಿಸಲು ಬರುವುದಿಲ್ಲ. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ.

ಸುಶ್ಮಿತಾ ಅಮೃತೂರಿನವಳು. ಅವಳ ಅಪ್ಪ ಕದರಯ್ಯ ಕುಣಿಗಲ್‌ಗೂ ಅಮೃತೂರಿಗೂ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ರಜೆ ಬಂದರೆ ಮಗಳನ್ನೂ ಬಸ್ಸಿಗೆ ಹತ್ತಿಸಿಕೊಳ್ಳುತ್ತಿದ್ದರಂತೆ. ಬಸ್ಸಿನಲ್ಲಿ ಎಷ್ಟು ಜನ ಇದ್ದಾರೆ ಹೇಳು ಎಂದರೆ ಅವಳು ಟಿಕೆಟ್ ಪುಸ್ತಕ ತಿರುವುತ್ತಿದ್ದಳು. ಅಪ್ಪ ತಲೆಗೊಂದು ಮೊಟಕಿ, ಪುಸ್ತಕ ನೋಡಬೇಡ, ಹಿಂದಕ್ಕೆ ತಿರುಗಿ ತಲೆ ಎಣಿಸು ಎನ್ನುತ್ತಿದ್ದರು. ಆ ಮೊಟಕು ಅವಳಿಗೆ ಇವತ್ತಿಗೂ ಇಳಿದಿಲ್ಲ ಎಂದು ನನ್ನ ಅನುಮಾನ. ಕುಣಿಗಲ್‌ನಲ್ಲಿ ಬಿ.ಕಾಂ. ಮಾಡಿ ನಮ್ಮ ಆಫೀಸಿಗೆ ಸಿ.ಎ. ಕಲಿಯಲು ಬಂದಳು. ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದಳು. ಒಂದೊಂದು ಸಲ ಫಲಿತಾಂಶ ಬಂದ ಮಾರನೇ ದಿನವೂ ಒಂಬತ್ತೂವರೆಗೆ ಬಂದು, ಬ್ಯಾಗು ಮೇಜಿನ ಮೇಲೆ ಕುಕ್ಕಿ, ಫೈಲು ಎಲ್ಲಿ ಜಯಣ್ಣ ಎಂದು ನನ್ನನ್ನೇ ಗದರಿಸುತ್ತಿದ್ದಳು. ನಾಲ್ಕನೆಯ ಸಲ ಪಾಸಾದಳು. ಹೋದ ವರ್ಷ ಲಕ್ಷ್ಮೀಕಾಂತ್ ಸಾಹೇಬರು ಅವಳನ್ನು ಪಾಲುದಾರಳನ್ನಾಗಿ ಮಾಡಿಕೊಂಡರು. ಆಗ ಅವಳಿಗೆ ಇಪ್ಪತ್ತೊಂಬತ್ತು.

ಸ್ವಂತ ಸಹಿ ಹಾಕುವಂತೆ ಅವಳಿಗೆ ಸಿಕ್ಕಿದ ಮೊದಲ ಆಡಿಟ್ಟು ಗುಬ್ಬಿಯ ಒಂದು ತೆಂಗು ಬೆಳೆಗಾರರ ಕಂಪನಿಯದು, ಅಲ್ಲಿಯವರೆಗೆ ಸಾಹೇಬರೇ ಅದಕ್ಕೆ ಸಹಿ ಹಾಕುತ್ತಿದ್ದರು. ಸುತ್ತಮುತ್ತಲಿನ ಒಂಬೈನೂರು ಜನ ಬೆಳೆಗಾರರೇ ಅದರ ಸದಸ್ಯರು, ಅವರೇ ಮಾಲೀಕರು. ಸದಸ್ಯರಿಂದ ಕಾಯಿ ಕೊಂಡು, ಸುಲಿಸಿ, ಕೊಬ್ಬರಿ ಮಾಡಿ ಮಾರುವುದು ಕೆಲಸ. ಕೊಬ್ಬರಿ ಗೊತ್ತಿಲ್ಲದವರಿಗೆ ಒಂದು ಮಾತು. ಕಾಯಿಯನ್ನು ಸಿಪ್ಪೆ ಸಮೇತ ಮರದ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಸದ್ದು ಬರುತ್ತದೆ. ಆಗ ಇಳಿಸಿ ಸುಲಿಯುತ್ತಾರೆ. ಈ ಕಂಪನಿ ಮೊದಲೆಲ್ಲ ಕೊಂಡ ವಾರವೇ ಕಾಯಿ ಮಾರಿಬಿಡುತ್ತಿತ್ತು. ಹಿಂದಿನ ವರ್ಷವಷ್ಟೇ ದೊಡ್ಡದೊಂದು ಅಟ್ಟ ಕಟ್ಟಿಸಿ ತುಂಬಲು ಶುರುಮಾಡಿತ್ತು. ಅಟ್ಟದಿಂದ ಕಾಯಿ ಇಳಿಸಿದ ಮೊದಲ ವರ್ಷ ಇದು.

ಮಾರ್ಚ್ ಮೂವತ್ತೊಂದನೇ ತಾರೀಕು ದಾಸ್ತಾನು ಎಣಿಕೆ. ಆಡಿಟರುಗಳು ಸಾಮಾನ್ಯವಾಗಿ ಅಟ್ಟದ ಕೆಳಗೆ ಕುರ್ಚಿ ಹಾಕಿಸಿಕೊಳ್ಳುತ್ತಾರೆ. ಸುಶ್ಮಿತಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಏಣಿ ಹತ್ತಿಬಿಟ್ಟಳು. ಕಂಪನಿಯ ಅಧ್ಯಕ್ಷ ಚೌಡಪ್ಪನವರು ಕೆಳಗೆ ನಿಂತು ಬೀಳ್ತೀರಾ ಮೇಡಂ, ಬೀಳ್ತೀರಾ ಎನ್ನುತ್ತಲೇ ಇದ್ದರು. ಅವಳು ಮೇಲೆ ಮೂಲೆ ಮೂಲೆಯ ಕಾಯಿ ಅಲ್ಲಾಡಿಸಿ, ರಾಶಿಯ ಅಡಿಯಲ್ಲಿ ಬರೀ ಸಿಪ್ಪೆ ತುಂಬಿದ್ದಾರೋ ಎಂದು ಕೈ ಹಾಕಿ ನೋಡಿದಳು. ಇಪ್ಪತ್ತು ಆಳು, ಎರಡು ದಿನ ಎಣಿಸಿದರು. ಅವಳೂ ಅಲ್ಲಲ್ಲಿ ರಾಶಿ ಹಿಡಿದು ಮರುಎಣಿಕೆ ಮಾಡಿದಳು. ಅಟ್ಟಕ್ಕೆ ಹತ್ತಿದ್ದು ಒಟ್ಟು ಮೂರು ಲಕ್ಷದ ಇಪ್ಪತ್ತಾರು ಸಾವಿರದ ಇನ್ನೂರು. ಸುಲಿಯಲು ಇಳಿಸಿದ್ದು ಪುಸ್ತಕದ ಪ್ರಕಾರ ಎರಡು ಲಕ್ಷದ ನಲವತ್ತೈದು ಸಾವಿರ. ಉಳಿದಿರಬೇಕಾದದ್ದು ಎಂಬತ್ತೊಂದು ಸಾವಿರದ ಇನ್ನೂರು. ಉಳಿದಿದ್ದದ್ದು ಎಪ್ಪತ್ತು ಸಾವಿರದ ಒಂಬೈನೂರು. ಹತ್ತು ಸಾವಿರದ ಮುನ್ನೂರು ಕಾಯಿ ಇಲ್ಲ. ಅವತ್ತಿನ ದರದಲ್ಲಿ ಮೂರು ಲಕ್ಷ ರೂಪಾಯಿ ಮೇಲಾಯಿತು.

ಅಟ್ಟದ ಬೀಗದ ಕೈ ಇದ್ದದ್ದು ಉಗ್ರಾಣಿ ತಿಮ್ಮರಾಜುವಿನ ಹತ್ತಿರ. ಕುಣಿಗಲ್‌ನ ಹುಡುಗ, ಇಪ್ಪತ್ತಾರು ವಯಸ್ಸು, ಮಾತು ಕಡಿಮೆ. ಚೌಡಪ್ಪನವರು ಅವನ ಸೊಂಟದಿಂದ ಬೀಗದ ಕೈ ಬಿಚ್ಚಿಸಿಕೊಂಡರು, ಎಲ್ಲ ಆಳುಗಳ ಎದುರಿಗೆ. ಮನೆಯಲ್ಲಿರು, ಆಡಿಟರ್ ರಿಪೋರ್ಟ್ ಬರಲಿ, ಆಮೇಲೆ ಪೊಲೀಸ್ ಸ್ಟೇಷನ್ ಎಂದರು. ಲೆಕ್ಕ ಒಪ್ಪುವ ಆಡಳಿತ ಮಂಡಳಿ ಸಭೆ ಜೂನ್ ಇಪ್ಪತ್ತಕ್ಕೆ ಎಂದು ಗೊತ್ತಾಯಿತು. ಸುದ್ದಿ ತಿಮ್ಮರಾಜುವಿಗಿಂತ ಮೊದಲೇ ಕುಣಿಗಲ್ ಸೇರಿತ್ತು. ಅವನ ತಾಯಿ ಅಂಗಡಿಗೆ ಹೋಗುವುದನ್ನೇ ಬಿಟ್ಟರಂತೆ.

ಚೌಡಪ್ಪನವರು ಕೆಟ್ಟವರಲ್ಲ. ಕಂಪನಿ ಕಟ್ಟಲು ಹಗಲೂ ರಾತ್ರಿ ಓಡಾಡಿದವರು. ಆದರೆ ಅವರಿಗೆ ಒಂದು ಸಲ ಅನ್ನಿಸಿದ್ದು ಅನ್ನಿಸಿದ್ದೇ. ಉಗ್ರಾಣಿ ಕದ್ದಿದ್ದಾನೆ ಎಂದು ರಿಪೋರ್ಟಿನಲ್ಲಿ ಒಂದು ಸಾಲು ಬರೆದುಬಿಡಿ, ನಮ್ಮ ಕೆಲಸ ಸಲೀಸಾಗುತ್ತೆ ಎಂದು ಕೇಳಿದರು. ಆಗ ಅವಳು ಕೊಟ್ಟ ಉತ್ತರವನ್ನು ನಾನು ಮನೆಗೆ ಬಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ.

"ಕಳ್ಳನ್ನ ಹಿಡಿಯೋದು ನನ್ ಕೆಲ್ಸ ಅಲ್ಲ ಅಧ್ಯಕ್ಷರೆ. ಕಳ್ತನ ಆಗಿದ್ರೆ ಕಣ್ ಮುಚ್ಕೊಂಡ್ ಹೋಗೋದೂ ನನ್ ಕೆಲ್ಸ ಅಲ್ಲ. ನೀವು ಬರೆದಿರೋ ಲೆಕ್ಕ ನಿಜಾನಾ ಅಲ್ವಾ, ಅದನ್ನ ಒಂಬೈನೂರು ಸದಸ್ಯರಿಗೆ ಹೇಳ್ಬೇಕು. ಅಷ್ಟಕ್ಕೆ ಆಧಾರ ಸಿಗೋವರ್ಗೂ ಸೈನ್ ಮಾಡಲ್ಲ."

ಇಲ್ಲಿಂದ ಶುರುವಾಯಿತು ನೋಡಿ. ಏಪ್ರಿಲ್ ಪೂರ್ತಿ ನನ್ನ ಸ್ಕೂಟರು ತುಮಕೂರು ಗುಬ್ಬಿ ರಸ್ತೆಯಲ್ಲೇ ಸವೆಯಿತು. ಸದಸ್ಯರಿಗೆ ಕೊಟ್ಟ ರಸೀದಿ ಹಿಡಿದು ಹತ್ತಾರು ತೋಟಕ್ಕೆ ಹೋಗಿ, ನೀವು ಇಷ್ಟು ಕಾಯಿ ಹಾಕಿದ್ದು ನಿಜವೇ ಎಂದು ಕೇಳಿದೆವು. ನಿಜವೇ ಆಗಿತ್ತು. ಲಾರಿಯ ಬಾಡಿಗೆ ಬಿಲ್ಲು ನೋಡಿದೆವು, ಹೊರಗೆ ಹೋದ ಲಾರಿಗಳೆಲ್ಲ ಕೊಬ್ಬರಿ ಮಾರುಕಟ್ಟೆಗೇ ಹೋಗಿದ್ದವು. ಗೋಡೌನಿನ ಹಿಂದಿನ ಗೋಡೆ ತಟ್ಟಿ ನೋಡಿದೆವು. ಇಲಿ ಇಷ್ಟು ತಿನ್ನುತ್ತದೆಯೇ ಎಂದು ನಾನು ಕೇಳಿದೆ. ತಿಂದರೆ ಚಿಪ್ಪಾದರೂ ಬಿಟ್ಟು ಹೋಗುತ್ತಿತ್ತು ಎಂದಳು.

ತಿಮ್ಮರಾಜುವನ್ನೂ ಕರೆಸಿ ಎರಡು ಗಂಟೆ ಕೇಳಿದಳು. ಅವನು ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಟ್ಟ. ಸುಲಿಯುವವರ ಕೂಲಿ ಚೀಟಿ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ, ಅದು ಬಿಟ್ಟರೆ ಏನೂ ಗೊತ್ತಿಲ್ಲ ಎಂದ. ಹೋಗುವಾಗ ಅವನ ಚಪ್ಪಲಿಯ ಬಾರು ಕಿತ್ತುಹೋಗಿದ್ದನ್ನು ನೋಡಿದೆ. ಸ್ಕೂಟರಿನಲ್ಲಿ ವಾಪಸು ಬರುವಾಗ, ಅವನ ಮುಖ ನೋಡಿದರೆ ಕದ್ದವನ ಹಾಗೆ ಕಾಣುವುದಿಲ್ಲ ಅಲ್ಲವಾ ಎಂದೆ.

"ನಂಗೂ ಹಂಗೇ ಅನ್ಸುತ್ತೆ ಜಯಣ್ಣ. ಅದಕ್ಕೇ ಹುಷಾರಾಗಿರ್ಬೇಕು" ಎಂದಳು.

ಅನುಮಾನ ಪಡಲು ಹುಷಾರು ಬೇಕು ಎಂದು ಎಲ್ಲರೂ ಹೇಳುತ್ತಾರೆ. ನಂಬಬೇಕು ಅನ್ನಿಸಿದಾಗ ಇನ್ನೂ ಹೆಚ್ಚು ಹುಷಾರು ಬೇಕು ಎಂದು ನಾನು ಕೇಳಿದ್ದು ಅವತ್ತೇ ಮೊದಲು. ಚೌಡಪ್ಪನವರ ಸಿಟ್ಟನ್ನು ಎಷ್ಟು ದೂರ ಇಟ್ಟಿದ್ದಳೋ ತನ್ನ ಕನಿಕರವನ್ನೂ ಅಷ್ಟೇ ದೂರ ಇಟ್ಟಳು. ನನಗೆ ಅದು ಕಲ್ಲುಮನಸ್ಸು ಅನ್ನಿಸಿ ಸ್ವಲ್ಪ ಬೇಜಾರೂ ಆಯಿತು.

ಮೇ ಮೊದಲ ವಾರ ಅವಳು ಒಂದು ಕೆಲಸ ಮಾಡಿದಳು. ಅಟ್ಟದ ಬೇರೆ ಬೇರೆ ಕಡೆಯಿಂದ ಗಡಗಡ ಅನ್ನುವ ಕಾಯಿಗಳನ್ನು ಆರಿಸಿ, ತಾನೇ ನೂರು ನೂರು ಎಣಿಸಿ, ಹತ್ತು ರಾಶಿ ಹಾಕಿಸಿದಳು. ಸುಲಿಸಿ, ಒಡೆಸಿ, ಉಂಡೆಗಳನ್ನು ತೂಗಿಸಿದಳು. ನೂರು ಕಾಯಿಗೆ ಹೆಚ್ಚುಕಡಿಮೆ ಹದಿನಾಲ್ಕು ಕೆಜಿ. ಆ ಲೆಕ್ಕದಲ್ಲಿ ಎರಡು ಲಕ್ಷದ ನಲವತ್ತೈದು ಸಾವಿರ ಕಾಯಿಗೆ ಮೂವತ್ತನಾಲ್ಕು ಸಾವಿರದ ಮುನ್ನೂರು ಕೆಜಿ ಕೊಬ್ಬರಿ ಬರಬೇಕು. ಮಾರಾಟದ ಬಿಲ್ಲುಗಳನ್ನು ಕೂಡಿದಳು. ಇನ್ನೊಂದು ಸಲ ಕೂಡಿದಳು. ನನ್ನ ಕೈಲೂ ಕೂಡಿಸಿದಳು. ಮೂವತ್ತೈದು ಸಾವಿರದ ಆರುನೂರ ಎಪ್ಪತ್ತು.

ಕಡಿಮೆ ಅಲ್ಲ, ಹೆಚ್ಚು. ನಾನು ಪೆನ್ನು ಕೆಳಗಿಟ್ಟು ಎದ್ದು ನಿಂತುಬಿಟ್ಟೆ. ಹೆಚ್ಚಿನ ಕೊಬ್ಬರಿಯ ದುಡ್ಡೂ ಬ್ಯಾಂಕಿಗೆ ಬಂದಿತ್ತು, ಚೆಕ್ಕು ಚೆಕ್ಕಿಗೆ ತಾಳೆಯಾಗಿತ್ತು. ಅಂದರೆ ಇದು ಎಂಥ ಕಳ್ಳತನ? ಕಾಯಿ ಕದ್ದವನು ಅದನ್ನು ಸುಲಿದು, ಒಡೆದು, ಕೊಬ್ಬರಿ ಮಾಡಿ, ಮಾರುಕಟ್ಟೆಗೆ ಹಾಕಿ, ಬಂದ ಹಣವನ್ನು ಕಂಪನಿಯ ಖಾತೆಗೇ ಕಟ್ಟುತ್ತಾನೆಯೇ? ಅಂಥ ಕಳ್ಳ ಇದ್ದರೆ ಅವನನ್ನೇ ಮ್ಯಾನೇಜರ್ ಮಾಡಬೇಕು ಎಂದು ನಾನು ಕೂಗಿದೆ. ಸುಶ್ಮಿತಾಳ ಕಣ್ಣುಗಳೂ ಹೊಳೆಯುತ್ತಿದ್ದವು, ಕಾಲು ಕುಣಿಯುತ್ತಿತ್ತು. ಆದರೂ ಬಾಯಲ್ಲಿ ಬಂದದ್ದು ಬೇರೆ: ಈ ವರ್ಷದ ಕಾಯಿ ದಪ್ಪ ಇದ್ದಿದ್ದರೂ ಹೀಗಾಗಬಹುದು, ಕಣ್ಣಾರೆ ನೋಡುವವರೆಗೆ ಏನೂ ಹೇಳುವ ಹಾಗಿಲ್ಲ.

ಮಾರನೇ ದಿನ ಯಾರಿಗೂ ಹೇಳದೆ ಬೆಳಿಗ್ಗೆ ಆರೂವರೆಗೇ ಗೋಡೌನಿಗೆ ಹೋದೆವು. ಅಂಗಳದಲ್ಲಿ ಸುಲಿಯುವವರು ನೆಲಕ್ಕೆ ಹಾರೆ ನೆಡುತ್ತಿದ್ದರು. ರೇವಮ್ಮ ಎನ್ನುವ ಹೆಂಗಸು ಅಟ್ಟದಿಂದ ಇಳಿದ ಕಾಯಿಯನ್ನು ಎಣಿಸಿ ಎಣಿಸಿ ಸುಲಿಯುವವರ ಮುಂದೆ ರಾಶಿ ಹಾಕುತ್ತಿದ್ದಳು. ಒಂದೊಂದು ಕೈಯಲ್ಲಿ ಎರಡೆರಡು ಕಾಯಿ ತೊಟ್ಟು ಹಿಡಿದು ಎತ್ತುವುದು, ಒಂದು ಎಸೆತಕ್ಕೆ ನಾಲ್ಕು. ಇಪ್ಪತ್ತೈದು ಎಸೆತಕ್ಕೆ ನೂರು. ನೂರಾದರೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೀಟು. ಆ ಗೀಟುಗಳೇ ಕೂಲಿ ಚೀಟಿಗೆ, ಅಲ್ಲಿಂದ ತಿಮ್ಮರಾಜುವಿನ ಪುಸ್ತಕಕ್ಕೆ ಹೋಗುತ್ತಿದ್ದವು. ಸುಶ್ಮಿತಾ ಒಂದು ಕಡೆ ಕುಕ್ಕರಗಾಲಲ್ಲಿ ಕೂತು ತುಟಿಯಲ್ಲೇ ಎಣಿಸುತ್ತಿದ್ದಳು. ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು. ರೇವಮ್ಮ ಗೀಟು ಎಳೆದಳು. ಆಮೇಲೆ ಬಗ್ಗಿ, ಇನ್ನೊಂದು ಎಸೆತ ಅದೇ ರಾಶಿಗೆ ಹಾಕಿ ಮುಂದಿನ ರಾಶಿಗೆ ಹೋದಳು.

ಮುಂದಿನ ರಾಶಿಗೂ ಹಾಗೆಯೇ. ಅದರ ಮುಂದಿನದಕ್ಕೂ. ಸುಶ್ಮಿತಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರು ಇಳಿದಿತ್ತು. ಎದ್ದು ಹೋಗಿ, ತೀರಾ ಸಾಧಾರಣ ದನಿಯಲ್ಲಿ, ಗೀಟು ಎಳೆದ ಮೇಲೆ ಹಾಕಿದ ನಾಲ್ಕು ಯಾವುದಕ್ಕೆ ಎಂದು ಕೇಳಿದಳು.

"ಅದು ಕೊಸರು ಕಣವ್ವ" ಎಂದಳು ರೇವಮ್ಮ. "ನೂರಕ್ಕೆ ನಾಕು ಕೂಲಿ ಇಲ್ದೆ ಸುಲ್ಕೊಡದು. ಕೊಸರ ಯಾರಾದ್ರೂ ಬರಸ್ತಾರಾ?"

ಯಾರೂ ಬರೆಸುವುದಿಲ್ಲ. ಅದೇ ಸಂಗತಿ. ಸೊಪ್ಪು ಕೊಂಡಾಗ ಒಂದು ಹಿಡಿ ಹೆಚ್ಚು ಹಾಕಿಸಿಕೊಳ್ಳುವ ಹಾಗೆ, ಸುಲಿಯುವವರು ನೂರರ ಕೂಲಿಗೆ ನೂರನಾಲ್ಕು ಸುಲಿಯುವುದು ಅಲ್ಲಿಯವರ ಪದ್ಧತಿ. ಚೌಡಪ್ಪನವರಿಗೆ ಗೊತ್ತು, ಒಂಬೈನೂರು ಸದಸ್ಯರಿಗೂ ಗೊತ್ತು, ಎಲ್ಲರ ತೋಟದಲ್ಲೂ ನಡೆಯುವುದು ಹಾಗೆಯೇ. ಗೊತ್ತಿದ್ದದ್ದಕ್ಕೇ ಯಾರಿಗೂ ಹೊಳೆಯಲಿಲ್ಲ. ಅಟ್ಟದಿಂದ ನೂರನಾಲ್ಕು ಇಳಿದರೂ ಪುಸ್ತಕದಲ್ಲಿ ಇಳಿದದ್ದು ನೂರು. ಮಾರ್ಚ್ ಕೊನೆಯ ಎಣಿಕೆಯಲ್ಲಿ ಇದೇ ರೇವಮ್ಮ ಇದ್ದಳು, ಆದರೆ ಅವತ್ತು ಸುಲಿಯುವುದಿರಲಿಲ್ಲ, ಆದ್ದರಿಂದ ಕೊಸರೂ ಇರಲಿಲ್ಲ. ಇಳಿದದ್ದು ಎರಡು ಸಾವಿರದ ನಾನೂರ ಐವತ್ತು ನೂರುಗಳು. ನೂರಕ್ಕೆ ನಾಲ್ಕರಂತೆ ಒಂಬತ್ತು ಸಾವಿರದ ಎಂಟುನೂರು. ನಾನು ಅಂಗಳದಲ್ಲೇ ಚಪ್ಪಾಳೆ ತಟ್ಟಿದೆ. ಸುಲಿಯುವವರು ಇವನಿಗೇನಾಯಿತು ಎಂದು ಸುಲಿಯುವುದನ್ನು ನಿಲ್ಲಿಸಿ ನೋಡಿದರು.

ಸುಶ್ಮಿತಾ ಒಂದು ದಿನ ನೋಡಿದ್ದಕ್ಕೆ ತೃಪ್ತಳಾಗಲಿಲ್ಲ. ಇನ್ನೆರಡು ದಿನ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿದಳು. ಚಿಪ್ಪು ಕೊಳ್ಳುವ ಇದ್ದಿಲು ಭಟ್ಟಿಯವರ ತೂಕದ ಚೀಟಿ ತರಿಸಿ ನೋಡಿದಳು, ಅಲ್ಲೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚು. ಎಲ್ಲ ಕೂಡಿಸಿಕೊಂಡು ಚೌಡಪ್ಪನವರ ಮುಂದೆ ಇಟ್ಟಳು. ತಿಮ್ಮರಾಜುವನ್ನೂ ಕರೆಸಿದ್ದಳು. ಕಾಫಿ ಬಂತು, ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ, ಕಾಫಿಯನ್ನೂ ಮುಟ್ಟಲಿಲ್ಲ.

ಆಗ ಅವಳು ಇನ್ನೂ ಐನೂರು ಉಳಿಯಿತು ಎಂದಳು. ಇನ್ನೂರಕ್ಕೆ ಚೀಟಿ ಸಿಕ್ಕಿತು, ಕೊಳೆತು ಬಿಸಾಡಿದ್ದು. ಮುನ್ನೂರಕ್ಕೆ ಏನೂ ಇಲ್ಲ. ಮೂರು ಲಕ್ಷ ಕಾಯಿಯ ವ್ಯವಹಾರದಲ್ಲಿ ಮುನ್ನೂರು ಯಾವ ಲೆಕ್ಕ ಎಂದು ನಾನೇ ಬಾಯಿ ಹಾಕಿದೆ. ಅವಳೂ ಹೌದು, ಇಷ್ಟು ಸಣ್ಣದರಿಂದ ಲೆಕ್ಕಪತ್ರ ಸುಳ್ಳಾಗುವುದಿಲ್ಲ, ಸಹಿ ಹಾಕಲು ಅಡ್ಡಿಯಿಲ್ಲ ಎಂದಳು. ಆದರೆ ಚೌಡಪ್ಪನವರು ಅಷ್ಟಕ್ಕೆ ಬಿಡಲಿಲ್ಲ. ಊರೆಲ್ಲ ಕಳ್ಳ ಎಂದು ಹೇಳಿಕೊಂಡು ಬಂದವರು, ಈಗ ಮಾತು ವಾಪಸು ತೆಗೆದುಕೊಳ್ಳುವುದು ಹೇಗೆ?

"ಹತ್ ಸಾವ್ರ ಅಲ್ದಿದ್ರೆ ಮುನ್ನೂರು ಕದ್ದವ್ನೆ. ಕೀ ಅವನ ಸೊಂಟದಾಗೇ ಇತ್ತಲ್ಲ" ಎಂದರು. "ಬೀಗದ ಕೈ ಕೊಡಕಾಗಕಿಲ್ಲ ಬುಡಿ."

ಸುಶ್ಮಿತಾ ತಿಮ್ಮರಾಜುವಿನ ಕಡೆ ತಿರುಗಿ, ಆ ಮುನ್ನೂರು ಎಲ್ಲಿ ಹೋಯಿತು ಗೊತ್ತೇ ಎಂದು ಕೇಳಿದಳು. ಅವನು ಅವಳನ್ನು ನೋಡಲಿಲ್ಲ. ಕತ್ತೆತ್ತಿ ನನ್ನನ್ನು ನೋಡಿದ. ಒಂದೇ ಕ್ಷಣ. ಆಮೇಲೆ ನೆಲ ನೋಡುತ್ತಾ ಗೊತ್ತಿಲ್ಲ ಮೇಡಂ ಎಂದ.

ನನಗೆ ಗೊತ್ತಾಯಿತು. ಯುಗಾದಿಗೆ ಮುಂಚೆ ಕಂಪನಿಯ ಆಟೋ ಒಂದು ನಮ್ಮ ಆಫೀಸಿಗೆ ಬರುತ್ತದೆ. ಕಂಪನಿ ಶುರುವಾದ ನಾಲ್ಕು ವರ್ಷದಿಂದಲೂ ಬರುತ್ತಿದೆ. ಮುನ್ನೂರು ಕಾಯಿ. ಇನ್ನೂರ ಐವತ್ತು ಸಾಹೇಬರ ಮನೆಗೆ, ಐವತ್ತು ನನ್ನ ಮನೆಗೆ. ಇಳಿಸಿಕೊಳ್ಳುವವನೂ ನಾನೇ, ಹಂಚುವವನೂ ನಾನೇ. ಅದು ಎಲ್ಲಿಂದ ಬರುತ್ತದೆ, ಯಾರ ಲೆಕ್ಕದಲ್ಲಿ ಬರುತ್ತದೆ ಎಂದು ಇಪ್ಪತ್ತೆರಡು ವರ್ಷ ಲೆಕ್ಕದ ಆಫೀಸಿನಲ್ಲಿ ಕೂತವನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಆ ಕೋಣೆಯಲ್ಲಿ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ವಾಪಸು ಬರುವಾಗ ದಾರಿಯಲ್ಲಿ ಮಲ್ಲಸಂದ್ರ ದಾಟುವವರೆಗೆ ಸ್ಕೂಟರು ಓಡಿಸಿದೆ. ಆಮೇಲೆ ಕೈಲಾಗಲಿಲ್ಲ. ರಸ್ತೆ ಪಕ್ಕ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಎಲ್ಲ ಹೇಳಿದೆ. ಸಾಹೇಬರ ಮನೆಯವರು ಯುಗಾದಿಗೆ ಆಫೀಸಿಗೆ ಕಳಿಸುವ ಕಾಯಿ ಒಬ್ಬಟ್ಟು ಅದೇ ಕಾಯಿಯದು, ನೀನೂ ಎರಡು ತಿಂದಿದ್ದೀಯ ಎಂದೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ಸ್ಕೂಟರ್ ತಿರುಗಿಸಿ ಜಯಣ್ಣ ಎಂದಳು.

ತಿಮ್ಮರಾಜು ಗುಬ್ಬಿ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಗಾಡಿಯ ಪಕ್ಕ ನಿಂತಿದ್ದ. ಸುಶ್ಮಿತಾ ನೇರ ಹೋಗಿ, ಮುನ್ನೂರು ಕಾಯಿ ನಮ್ಮ ಆಫೀಸಿಗೆ ಬಂದಿದ್ದಲ್ಲವೇ, ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅಧ್ಯಕ್ಷರು ಬಾಯಲ್ಲಿ ಹೇಳಿ ಕಳಿಸಿದ್ದು, ಚೀಟಿ ಇಲ್ಲ ಎಂದ.

"ನನ್ನ ಕಳ್ಳ ಹೌದೋ ಅಲ್ವೋ ಅಂತ ಹೇಳೋರೇ ನೀವು. ನಿಮ್ಮ ಆಫೀಸಿಗೇ ಕಾಯಿ ಹೋಗಿದೆ ಅಂತ ನಿಮ್ಗೆ ಹೆಂಗ್ ಹೇಳ್ಲಿ ಮೇಡಂ?"

ನನಗೆ ಅವನ ಮುಖ ನೋಡಲಾಗಲಿಲ್ಲ.

ಸಂಜೆಯೇ ಸಾಹೇಬರ ಎದುರು ಕೂತಳು. ಸಾಹೇಬರಿಗೆ ಅರವತ್ತನಾಲ್ಕು, ಇಡೀ ಜಿಲ್ಲೆ ಅವರ ಸಹಿಗೆ ತಲೆಬಾಗುತ್ತದೆ. ಅವರು ನೊಂದುಕೊಂಡರು. ಅದು ಹಬ್ಬದ ಮರ್ಯಾದೆ, ಲಂಚವಲ್ಲ, ಮುನ್ನೂರು ಕಾಯಿಗೆ ತನ್ನ ಪೆನ್ನು ತಿರುಗುತ್ತದೆ ಎಂದು ಯಾರಾದರೂ ಹೇಳಲಿ ಎಂದರು. ಅವಳು ದನಿ ಏರಿಸಲಿಲ್ಲ. ಪೆನ್ನು ತಿರುಗಲಿಲ್ಲ ನಿಜ, ಆದರೆ ಒಬ್ಬ ಹುಡುಗನ ಬಾಯಿ ಮುಚ್ಚಿತು ಎಂದಳು. ನಾಲ್ಕು ವರ್ಷದ ಸಾವಿರದ ಇನ್ನೂರು ಕಾಯಿಯ ದುಡ್ಡು ಕಟ್ಟಿ, ವಿಷಯ ಸಭೆಗೆ ತಿಳಿಸಿ, ನಮ್ಮನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅವರೇ ತೀರ್ಮಾನಿಸಲಿ, ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ ಎಂದಳು. ಸಾಹೇಬರು ಎದ್ದು ಮನೆಗೆ ಹೋದರು. ಸಭೆಯ ದಿನದವರೆಗೂ ಅವಳೊಂದಿಗೆ ಮಾತಾಡಲಿಲ್ಲ. ಅವಳ ಪಾಲುದಾರಿಕೆ ಮುಗಿಯಿತು, ನನ್ನ ಸಂಬಳವೂ ಮುಗಿಯಿತು ಎಂದು ನಾನು ಮನೆಯಲ್ಲಿ ಹೇಳಿಯೂಬಿಟ್ಟೆ.

ಜೂನ್ ಇಪ್ಪತ್ತು ಬಂತು. ಸುಶ್ಮಿತಾ ರಿಪೋರ್ಟಿನ ಎರಡು ಪ್ರತಿ ಹಿಡಿದು ಗುಬ್ಬಿಗೆ ಹೊರಟಳು, ಎರಡಕ್ಕೂ ಸಹಿ ಇಲ್ಲ. ಸಭೆಯಲ್ಲಿ ಇರಬೇಕಾದದ್ದು ಹತ್ತು ಜನ ನಿರ್ದೇಶಕರು. ಸುದ್ದಿ ಹೇಗೆ ಹಬ್ಬಿತ್ತೋ ಏನೋ, ಜಗಲಿಯ ತುಂಬ ಸದಸ್ಯರು, ಕಿಟಕಿಗೂ ಜೋತುಬಿದ್ದಿದ್ದರು. ರೇವಮ್ಮನೂ ಇದ್ದಳು, ಅವಳದೂ ಹತ್ತು ಷೇರು ಇದೆಯಂತೆ. ತಿಮ್ಮರಾಜು ಬಾಗಿಲ ಹತ್ತಿರ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಸುಶ್ಮಿತಾ ಎದ್ದು ಕೊಸರಿನ ಲೆಕ್ಕ ಬಿಡಿಸಿ ಹೇಳಿದಾಗ ಜಗಲಿಯಲ್ಲಿ ಹೋ ಎಂಬ ಗದ್ದಲ. ಒಬ್ಬರ ಬೆನ್ನು ಇನ್ನೊಬ್ಬರು ಗುದ್ದುತ್ತಿದ್ದರು. ನಮ್ಮ ಮೂಗಿನ ಕೆಳಗೇ ಇತ್ತಲ್ಲೋ ಎಂದು ಯಾರೋ ಹಣೆ ಚಚ್ಚಿಕೊಂಡರು. ಚೌಡಪ್ಪನವರು ಕೈ ಎತ್ತಿ ಸದ್ದಡಗಿಸಿ, ಆ ಮುನ್ನೂರರ ಕಥೆ ಹೇಳಿ ಮೇಡಂ ಎಂದರು.

ಅವಳು ಬಾಯಿ ತೆರೆಯುವಷ್ಟರಲ್ಲಿ ಜಗಲಿಯ ಜನ ದಾರಿ ಬಿಟ್ಟರು. ಸಾಹೇಬರು. ಬಸ್ಸಿನಲ್ಲಿ ಬಂದಿದ್ದರು, ಅಂಗಿ ಬೆವರಿನಲ್ಲಿ ನೆನೆದಿತ್ತು. ಯಾರ ಕಡೆಗೂ ನೋಡದೆ ಕ್ಯಾಷಿಯರ್ ಮೇಜಿಗೆ ಹೋಗಿ, ಸಾವಿರದ ಇನ್ನೂರು ಕಾಯಿಯ ದುಡ್ಡು ಎಣಿಸಿ ಇಟ್ಟು, ರಸೀದಿ ಬರೆಸಿಕೊಂಡರು. ಆಮೇಲೆ ರಸೀದಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದ ತಿಮ್ಮರಾಜುವಿನ ಮುಂದೆ ಹೋಗಿ ನಿಂತರು.

"ಎರಡೂವರೆ ತಿಂಗ್ಳಿಂದ ನಿನ್ನ ಕಳ್ಳ ಅಂದ್ರಲ್ಲಪ್ಪ. ಆ ಕಾಯಿ ನಮ್ಮನೇಲಿತ್ತು" ಎಂದರು.

ನಾನು ನನ್ನ ಐವತ್ತನ್ನೂ ಎದ್ದು ನಿಂತು ಹೇಳಿದೆ. ಕಳಿಸು ಎಂದು ಬಾಯಲ್ಲಿ ಹೇಳಿದ್ದು ತಾನೇ, ಹೇಳಿದ್ದು ಮರೆತೇಹೋಗಿತ್ತು ಎಂದು ಚೌಡಪ್ಪನವರೂ ಒಪ್ಪಿಕೊಂಡರು. ನಮ್ಮ ಆಫೀಸನ್ನು ಇಟ್ಟುಕೊಳ್ಳಬೇಕೇ ಎಂಬ ಮಾತನ್ನು ಸುಶ್ಮಿತಾ ತಾನಾಗಿಯೇ ಎತ್ತಿ, ಹೊರಗೆ ಹೋಗಿ ನಿಂತಳು. ಐದು ನಿಮಿಷದಲ್ಲಿ ಒಳಗೆ ಕರೆದರು. ಈ ಹುಡುಗಿಯೇ ಇರಲಿ, ಕಾಯಿ ಮಾತ್ರ ಇನ್ನು ಒಂದೂ ಕಳಿಸಬಾರದು ಎಂದು ಬರೆದುಕೊಂಡಿದ್ದರು. ಅವಳು ರಿಪೋರ್ಟನ್ನು ಮೊದಲಿನಿಂದ ಇನ್ನೊಂದು ಸಲ ಓದಿದಳು. ಸದಸ್ಯರಿಗೆ ಎಂದು ಶುರುವಾಗುತ್ತದೆ ಅದು. ಓದಿ ಸಹಿ ಹಾಕಿದಳು.

ಚೌಡಪ್ಪನವರು ಜೇಬಿನಿಂದ ಬೀಗದ ಕೈ ತೆಗೆದು ಎಲ್ಲರ ಎದುರಿಗೆ ತಿಮ್ಮರಾಜುವಿನ ಮುಂದೆ ಹಿಡಿದರು. ತಗೊಳಪ್ಪ, ತಪ್ಪಾಯಿತು ಎಂದರು. ಕೈ ಮುಗಿಯುವುದೊಂದು ಬಾಕಿ. ಜನ ಚಪ್ಪಾಳೆ ಹೊಡೆಯಲು ತಯಾರಾಗಿದ್ದರು. ತಿಮ್ಮರಾಜು ಕೈ ಚಾಚಲಿಲ್ಲ. ಅವನ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಹಂಗೇ ಕೊಟ್ರೆ ತಗಳಲ್ಲ ಅಧ್ಯಕ್ಷರೆ. ಅಟ್ಟದ ಕಾಯೆಲ್ಲ ಎಣಿಸ್ಕೊಡಿ, ನೀವೂ ಸೈನ್ ಮಾಡಿ. ಆಮೇಲೆ ತಗೋತೀನಿ."

ಅವನು ಮಾತು ಮುಗಿಸುವಷ್ಟರಲ್ಲಿ ಸುಶ್ಮಿತಾ ದುಪಟ್ಟಾ ಬಿಗಿದುಕೊಂಡು ಗೋಡೌನಿನ ಕಡೆ ನಡೆದಾಗಿತ್ತು. ರೇವಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದಳು. ಜಗಲಿಯಲ್ಲಿದ್ದವರೆಲ್ಲ ಎದ್ದರು. ನಿರ್ದೇಶಕರು ಅಂಗಿ ತೋಳು ಮಡಿಸಿದರು, ಚೌಡಪ್ಪನವರು ಪಂಚೆ ಎತ್ತಿ ಕಟ್ಟಿದರು, ನಮ್ಮ ಸಾಹೇಬರು ರಾಶಿ ಬರೆದುಕೊಳ್ಳಲು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು. ನೂರಾರು ಜನ ಅಟ್ಟದಿಂದ ಅಂಗಳದವರೆಗೆ ಸಾಲು ನಿಂತು ಕಾಯಿ ದಾಟಿಸಿದರು. ಧೂಳಿಗೆ ಕೆಮ್ಮುತ್ತಾ, ನಗುತ್ತಾ, ಎಣಿಕೆ ತಪ್ಪಿದರೆ ಒಬ್ಬರನ್ನೊಬ್ಬರು ಬೈಯುತ್ತಾ ಸಂಜೆವರೆಗೆ ಎಣಿಸಿದರು. ಕೊನೆಯ ರಾಶಿಯನ್ನು ತಿಮ್ಮರಾಜು ತಾನೇ ಎಣಿಸಿದ. ಚೌಡಪ್ಪನವರು ಪುಸ್ತಕದಲ್ಲಿ ಸಹಿ ಮಾಡಿದರು. ಅವನು ಅದರ ಕೆಳಗೆ ತನ್ನ ಸಹಿ ಹಾಕಿ, ಕೈಯ ಧೂಳು ಒರೆಸಿಕೊಂಡು, ಬೀಗದ ಕೈ ತೆಗೆದುಕೊಂಡ.